ಕದಲದ ಎಳೆಗಳು

ಪ್ರಯೋಗಶಾಲೆಯ ಮೇಜಿನ ಮೇಲೆ, ಒಂದೇ ಅಚ್ಚಿನಲ್ಲಿ ಹುಟ್ಟಿದ ಎರಡು ಜೆಲ್ ಮುದ್ದೆಗಳು, ಅಕ್ಕ ಮತ್ತು ತಂಗಿ, ಮೈತುಂಬ ನೀರು ಹಿಡಿದುಕೊಂಡು ಅಕ್ಕಪಕ್ಕದ ಗಾಜಿನ ತಟ್ಟೆಗಳಲ್ಲಿ ಕೂತಿದ್ದವು. ಎದುರಿಗೆ ಬ್ಲೇಡು ಮಲಗಿತ್ತು. ಅದನ್ನು ಕಂಡಾಗಿನಿಂದ ತಂಗಿಗೆ ಜೀವ ಬಾಯಿಗೆ ಬಂದಿತ್ತು.

"ಅಕ್ಕಾ, ನಮ್ಮನ್ನು ಸೀಳುತ್ತಾರಂತೆ!"

"ಸೀಳಲಿ. ಆಮೇಲೆ ಕೂಡಿಸಿ ಇಡುತ್ತಾರೆ. ನಮ್ಮೊಳಗಿನ ಎಳೆಗಳು ಸುಮ್ಮನಿರುವ ಜಾತಿಯವಲ್ಲ. ಒಂದರ ಕೈ ಬಿಟ್ಟು ಇನ್ನೊಂದರ ಕೈ ಹಿಡಿಯುತ್ತಲೇ ಇರುತ್ತವೆ. ಆಚೆಯವು ಈಚೆಗೆ ಬಂದು ಹಿಡಿದುಕೊಂಡರೆ ಗಾಯ ಮಾಯುತ್ತದೆ."

ಕೈ ಬಿಡುವವರನ್ನು ನಂಬಿ ಬ್ಲೇಡಿನ ಮುಂದೆ ಕೂರುವುದೇ? ತಂಗಿ ಮೆಲ್ಲಗೆ ತಟ್ಟೆಯ ಅಂಚಿಗೆ ಜರುಗಿ, ಪಕ್ಕದ ದೀಪದ ಬಿಸಿಗೆ ಮೈಯೊಡ್ಡಿತು.

"ಬೇಡ ಕಣೇ, ನೀರು ಆರಿದರೆ ಎಳೆಗಳು ಓಡಾಡಲಾರವು," ಎಂದಿತು ಅಕ್ಕ.

"ನನಗೆ ಬೇಕಾದದ್ದೂ ಅದೇ. ಯಾರೂ ಕದಲಬೇಡಿ! ಹಿಡಿದ ಕೈ ಬಿಡಬೇಡಿ!" ಎಂದು ತಂಗಿ ತನ್ನ ಎಳೆಗಳಿಗೆ ಕಟ್ಟಪ್ಪಣೆ ಮಾಡಿತು. ನೀರು ಆರುತ್ತಾ ಹೋದಂತೆ ಮೈ ಕಲ್ಲಾಯಿತು.

ಬ್ಲೇಡು ಮೊದಲು ಅಕ್ಕನೊಳಗೆ ಇಳಿಯಿತು. ತುಂಡುಗಳನ್ನು ಒತ್ತಿಟ್ಟರು, ಸಂಜೆಯೊಳಗೆ ಗಾಯದ ಗೆರೆಯೂ ಉಳಿಯಲಿಲ್ಲ.

ಮರುದಿನ ತಂಗಿಯ ಸರದಿ. ಬ್ಲೇಡು ಜಾರಿತು. ಗೆದ್ದೆ ಅಂದುಕೊಂಡಿತು ತಂಗಿ. ಇನ್ನಷ್ಟು ಒತ್ತಿದರು ನೋಡಿ, ಚಟಕ್ಕನೆ ಒಡೆದು ಎರಡಾಯಿತು.

ಅದನ್ನೂ ಮುಖಕ್ಕೆ ಮುಖ ತಾಗಿಸಿ ಇಟ್ಟರು. "ಕೈ ಚಾಚಿ, ಬೇಗ ಚಾಚಿ!" ಎಂದು ಎರಡು ತುಂಡುಗಳೂ ಒಟ್ಟಿಗೆ ಕಿರುಚಿಕೊಂಡವು. ಒಂದು ಎಳೆಯೂ ಕದಲಲಿಲ್ಲ. ಅವು ತಂಗಿಯ ಅಪ್ಪಣೆಯನ್ನು ಇನ್ನೂ ಪಾಲಿಸುತ್ತಿದ್ದವು.