ಗ್ಯಾಸ್ ಎಂಬ ಒಳ್ಳೆಯ ಹೆಸರು

ಅಂಬುಜಾಕ್ಷಮ್ಮನವರ ಜಠರದಲ್ಲಿ ಒಂದು ಬ್ಯಾಕ್ಟೀರಿಯ ಇಪ್ಪತ್ತು ವರ್ಷದಿಂದ ಬೀಡುಬಿಟ್ಟಿತ್ತು.

"ನನ್ನ ಗೋಡೆ ಕೆರೆಯಬೇಡ. ಈಗಾಗಲೇ ಹುಣ್ಣಾಗಿದೆ, ಮುಂದೆ ಕ್ಯಾನ್ಸರ್ ಆದರೂ ಆದೀತು," ಎಂದಿತು ಜಠರ.

"ಧಾರಾಳವಾಗಿ ದೂರು ಕೊಡಿ, ಸ್ವಾಮಿ."

ಜಠರ ಉರಿಯನ್ನು ಮೇಲಕ್ಕೆ ಕಳಿಸಿತು. ನಾಲಿಗೆ ಎಂದಿನಂತೆ, "ಏನಿಲ್ಲ, ಬರೀ ಗ್ಯಾಸ್," ಎಂದು ಸಾರಿ ಸೋಡಾ ಕುಡಿಯಿತು.

"ಕೇಳಿದಿರಾ? ಆ ಹೆಸರಿರುವವರೆಗೆ ನನ್ನನ್ನು ಯಾರೂ ಹುಡುಕುವುದಿಲ್ಲ," ಎಂದು ಬ್ಯಾಕ್ಟೀರಿಯ ನಕ್ಕಿತು.

ಒಂದು ದಿನ ಮೊಣಕಾಲು ನೋವಿಗೆಂದು ಅಂಬುಜಾಕ್ಷಮ್ಮ ಡಾಕ್ಟರ ಎದುರು ಕುಳಿತಾಗ, ಜಠರ ಜೋರಾಗಿ ತೇಗಿಬಿಟ್ಟಿತು.

"ಗ್ಯಾಸ್," ಎಂದಿತು ನಾಲಿಗೆ.

"ಹೆಸರಿಡುವುದು ನನ್ನ ಕೆಲಸ, ಅಮ್ಮಾ," ಎಂದ ಡಾಕ್ಟರು ಪರೀಕ್ಷೆ ಮಾಡಿಸಿ, ಬ್ಯಾಕ್ಟೀರಿಯವನ್ನು ಪತ್ತೆಹಚ್ಚಿ, ಎರಡು ವಾರದ ಮಾತ್ರೆ ಬರೆದರು.

ಮಾತ್ರೆಗಳು ತನ್ನನ್ನು ಹೊರದಬ್ಬುವಾಗ ಬ್ಯಾಕ್ಟೀರಿಯ ಗೋಳಾಡಿತು: "ಇಪ್ಪತ್ತು ವರ್ಷ ಕಾಪಾಡಿಕೊಂಡ ಒಳ್ಳೆಯ ಹೆಸರು ಹಾಳಾಯಿತಲ್ಲ!"