ತಾಳೆಯಾಗದ ಪುಟ

ತಾಲ್ಲೂಕು ಕಚೇರಿಯ ಕಡತವೆಲ್ಲ ಕ್ಲೌಡ್‌ಗೆ ಏರಿತ್ತು. ಜಿಲ್ಲೆಯಿಂದ ಬಂದ ಸಾಹೇಬರು ಗುಮಾಸ್ತ ಪುಟ್ಟಲಿಂಗಯ್ಯನ ಮುಂದೆ ಕಾಗದ ಚಾಚಿದರು. "ಸ್ಕ್ಯಾನ್ ಆಗಿರೋದು ಮೂಲದ ಹಾಗೇ ಇದೆ ಅಂತ ಸಹಿ ಹಾಕ್ರೀ. ಸಂಜೆಯೊಳಗೆ ಹಳೇ ರಿಜಿಸ್ಟರೆಲ್ಲ ರದ್ದಿಗೆ!"

ಅದರಲ್ಲೊಂದು ರಿಜಿಸ್ಟರು ಇದೇ ಕಚೇರಿಯಲ್ಲಿದ್ದ ಅವನ ಹೆಂಡತಿ ಬರೆದದ್ದು. ಅವಳು ತೀರಿಕೊಂಡು ಮೂರು ವರ್ಷ.

ಪುಟ್ಟಲಿಂಗಯ್ಯ ಬಹಳ ಹೊತ್ತು ತಾಳೆ ನೋಡಿದ. "ಸಾರ್, ಇದೊಂದು ತಾಳೆ ಆಗ್ತಿಲ್ಲ. ಈ ರಿಜಿಸ್ಟರಿನ ಒಂದು ಪುಟದ ಮೂಲೇಲಿ ಹಳದಿ ಗುರುತಿದೆ. ಕಂಪ್ಯೂಟರಲ್ಲಿ ಕಪ್ಪು."

"ಕೊಳೆ ಕಣ್ರೀ ಅದು!"

"ಹಾಗಂತ ತಾವೇ ಬರೆದು ಸಹಿ ಹಾಕಿಬಿಡಿ ಸಾರ್. ನಾಳೆ ಕೋರ್ಟಲ್ಲಿ ಅದು ಕೊಳೆಯೋ ಮೊಹರೋ ಅಂತ ಕೇಳಿದರೆ ತಾವೇ ಹೇಳೋರಂತೆ."

ಸಾಹೇಬರು ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು. "ಹಾಳಾಗಿ ಹೋಗ್ಲಿ, ಅದೊಂದನ್ನ ನಿಮ್ಮ ಬೀರುವಲ್ಲೇ ಇಟ್ಕೊಳ್ರೀ!" ಅಂದು ಜೀಪು ಹತ್ತಿದರು.

ಪುಟ್ಟಲಿಂಗಯ್ಯ ಬಾಗಿಲು ಮುಂದೆ ಮಾಡಿ ಆ ಪುಟ ತೆರೆದ. ಅಡುಗೆ ಮುಗಿಸಿ ಕಚೇರಿಗೆ ಓಡಿಬರುವ ಅವಸರದಲ್ಲಿ ಅವಳ ಬೆರಳಿನ ಅರಿಶಿನ ಎಂದೂ ಪೂರ್ತಿ ಹೋಗುತ್ತಿರಲಿಲ್ಲ. ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟ. ಅದು ಪೂರ್ತಿ ಮುಚ್ಚಿಹೋಯಿತು. ಗಾಬರಿಯಾಗಿ ಬೆರಳು ತೆಗೆದ.