ಒಂದೇ ಕಡೆ ಹಾಕಿದ ಹೊಸ ಶಾಕ್

ನಾಲ್ಕು ಲಕ್ಷ ಕಿಲೋಮೀಟರ್ ಓಡಿದ ಟೆಂಪೊದ ಮುಂದಿನ ಎಡಗಡೆಯ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರುತ್ತಿತ್ತು. ಮಾಲೀಕ ಭರಮಪ್ಪ ಅದನ್ನಷ್ಟೇ ಸ್ಪ್ರಿಂಗ್ ಸಮೇತ ಬದಲಾಯಿಸಲು ಹೇಳಿದ.

“ಜೋಡಿಯಾಗಿ ಹಾಕಿಸಬೇಕು ಸಾವ್ಕಾರ್ರೇ,” ಎಂದ ಮೆಕ್ಯಾನಿಕ್ ಖಾದರ್.

“ಬಲಗಡೆಯದು ತನ್ನ ಪಾಡಿಗೆ ಸುಮ್ಮನಿದೆಯಲ್ಲಪ್ಪ.”

ರಸ್ತೆಗಿಳಿದ ಮೊದಲ ಗುಂಡಿಯಲ್ಲೇ ಎಡಗಡೆಯ ಹೊಸ ಶಾಕ್ ಬಲಗಡೆಯ ಹಳೆಯದನ್ನು ಕೇಳಿತು: “ಅಣ್ಣಾ, ನೀವು ಏಟು ತಡೆಯುವುದಿಲ್ಲವೇ?”

“ಬಿಟ್ಟು ಮೂರು ವರ್ಷವಾಯಿತು. ಸದ್ದು ಮಾಡುವುದಿಲ್ಲ, ಅಷ್ಟೇ.”

“ಎರಡೂ ಕಡೆಯದನ್ನು ನಾನೊಬ್ಬನೇ ತಡೆದರೆ ಸವೆದುಹೋಗುತ್ತೇನೆ.”

“ಹೌದು ತಮ್ಮಾ.”

ಆರು ತಿಂಗಳಿಗೆ ಹೊಸದು ಸೋರತೊಡಗಿತು. ಭರಮಪ್ಪ ಅದನ್ನು ಬಿಚ್ಚಿಸಿ ಗುಜರಿಗೆ ಎಸೆದ. ಆಮೇಲೆ ಬಗ್ಗಿ, ಬಲಗಡೆಯದರ ಧೂಳು ಒರೆಸಿದ.

“ಈಗಿನ ಮಾಲು ಬಾಳಿಕೆ ಬರಲ್ಲ ಖಾದರ್. ಇದನ್ನು ನೋಡು, ಇವತ್ತಿಗೂ ಒಂದು ತಕರಾರಿಲ್ಲ.”